ಬಿದ್ದ ಜಾಗಕ್ಕೆ ಮರಳಿ

ಆಟವೆಂದರೆ ಮಕ್ಕಳಿಗೆ ಪ್ರಾಣ. ವೀಡಿಯೋ ಆಟವೆಂದರೆ ಹೆತ್ತವರಿಗೆ ಪ್ರಾಣಸಂಕಟ! ಕಣ್ಣು ಕೆಡುತ್ತದೆ, ಹೊತ್ತು ಹಾಳಾಗುತ್ತದೆ, ಓದು ಮೂಲೆ ಸೇರುತ್ತದೆ ಎಂಬ ದೂರು ಪ್ರತಿ ಪಾಲಕರ ಸಭೆಯಲ್ಲೂ ಕೇಳಿಬರುತ್ತದೆ. ಆ ದೂರಿನಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಆದರೂ ಗಡಹಿಂಗ್ಲಜ ಕಡೆಯ ಕನ್ನಡ ಮಾಸ್ತರನಾದ ನಾನೇ ಒಂದು ದೀಪಾವಳಿ ರಜೆಯಲ್ಲಿ ಇಚಲಕರಂಜಿಯ ಅಣ್ಣನ ಮನೆಯಲ್ಲಿ ಕುಳಿತು ಅಂಥ ಆಟವೊಂದನ್ನು ಆಡಿದೆ.

ಆಟದ ಹೆಸರು ‘ಬ್ಲಡ್‌ಬೋರ್ನ್’. ಜಪಾನಿನ ಫ್ರಮ್‌ಸಾಫ್ಟ್‌ವೇರ್ ಸಂಸ್ಥೆ ಇದನ್ನು ಪ್ಲೇಸ್ಟೇಷನ್ 4 ಯಂತ್ರಕ್ಕಾಗಿ ರಚಿಸಿ 2015ರಲ್ಲಿ ಹೊರತಂದಿತು. ಯಾರ್ನಮ್ ಎಂಬ ಕಲ್ಪಿತ ನಗರ. ಮುಗಿಲು ಚುಚ್ಚುವ ಗೋಪುರಗಳು, ಕತ್ತಲೆಯ ಓಣಿಗಳು. ವಿಚಿತ್ರ ರೋಗದಿಂದ ಅಲ್ಲಿ ಮನುಷ್ಯರೇ ಮೃಗಗಳಾಗುತ್ತಿದ್ದಾರೆ. ಆಡುವವನು ಬೇಟೆಗಾರ. ರಕ್ತಪಾತ ಹೇರಳವಾದ್ದರಿಂದ ಅಮೆರಿಕದಲ್ಲಿ ಇದನ್ನು 17 ವರ್ಷ ಮೇಲ್ಪಟ್ಟವರಿಗೆಂದು ವರ್ಗೀಕರಿಸಿದ್ದಾರೆ. ಆದ್ದರಿಂದ, ವಿದ್ಯಾರ್ಥಿ ಮಿತ್ರರೇ, ಆಟವನ್ನಲ್ಲ, ಅದರ ಒಂದು ನಿಯಮವನ್ನಷ್ಟೇ ಇಲ್ಲಿಂದ ಒಯ್ಯಿರಿ.

ಕಾಲೇಜಿನಲ್ಲಿ ಓದುವ ಅಣ್ಣನ ಮಗ ನಿಯಂತ್ರಕವನ್ನು ನನ್ನ ಕೈಗಿತ್ತ. ಹೊರಗೆ ಮಗ್ಗಗಳ ಖಟಖಟ, ಒಳಗೆ ನನ್ನೆದೆಯ ಢವಢವ! ಬರಿಗೈಯಲ್ಲೇ ಹೊರಟ ಬೇಟೆಗಾರನಿಗೆ ಮೊದಲು ಎದುರಾದದ್ದು ತೋಳದಂಥ ಮೃಗ. ಕಣ್ಣುಮುಚ್ಚಿ ತೆರೆಯುವುದರೊಳಗೆ ನಾನು ಧರಾಶಾಯಿ. “ಮುಗಿಯಿತೇನಪ್ಪಾ?” ಎಂದೆ. “ಇಲ್ಲ ಕಾಕಾ, ಈಗ ಶುರು” ಎಂದ. ನಿಜ. ಸತ್ತ ಬೇಟೆಗಾರ ಒಂದು ಕನಸಿನ ತೋಟದಲ್ಲಿ ಕಣ್ತೆರೆದ. ಆಯುಧ ಸಿಕ್ಕಿದ್ದು ಅಲ್ಲಿಯೇ.

ಇನ್ನು ಆ ನಿಯಮ. ಆಡುವವನು ಸತ್ತರೆ ಗಳಿಸಿದ ಅಂಶಗಳೆಲ್ಲ ಕೈಬಿಟ್ಟುಹೋಗುತ್ತವೆ. ಆದರೆ ನಾಶವಾಗುವುದಿಲ್ಲ, ಬಿದ್ದ ಜಾಗದ ಆಸುಪಾಸಿನಲ್ಲೇ ಉಳಿದಿರುತ್ತವೆ. ಅದೇ ದಾರಿಯಲ್ಲಿ ಮತ್ತೆ ನಡೆದು ತಲುಪಿದರೆ ಅವು ಮರಳಿ ನಮ್ಮವು. ನಡುವೆ ಇನ್ನೊಮ್ಮೆ ಬಿದ್ದರೆ ಮಾತ್ರ ಶಾಶ್ವತ ನಷ್ಟ. ಸುಲಭದ ಆಟ, ಕಠಿಣದ ಆಟ ಎಂಬ ಆಯ್ಕೆ ಇಲ್ಲ.

ಗ್ಯಾಸ್ಕಾಯಿನ್ ಎಂಬ ಕೊಡಲಿ ಹಿಡಿದ ವೈರಿ ಸ್ಮಶಾನದಲ್ಲಿ ನಮ್ಮನ್ನು ಮತ್ತೆ ಮತ್ತೆ ಕೆಡವಿದ. ಹೀಗೆ ಅದೇ ಓಣಿಯಲ್ಲಿ ಎಷ್ಟೋ ಸಲ ನಡೆದ ಮೇಲೆ ದೀಪವಿದ್ದ ಒಂದು ಕಿಟಕಿ ಕಣ್ಣಿಗೆ ಬಿತ್ತು. ಮಾತಾಡಿಸಿದರೆ, ಒಳಗಿದ್ದವಳು ಅವನ ಮಗಳು! ಅವಳು ಕೊಟ್ಟ ಪುಟ್ಟ ಸಂಗೀತದ ಪೆಟ್ಟಿಗೆಯನ್ನು ನುಡಿಸಿದಾಗ ಆ ವೈರಿ ತಲೆ ಹಿಡಿದು ತಡವರಿಸಿದ. ತೋಳ್ಬಲದಿಂದ ಆಗದ ಕೆಲಸ, ದಾರಿಯನ್ನು ಕಣ್ಣಿಟ್ಟು ನೋಡಿದ್ದರಿಂದ ಆಯಿತು.

ಈ ಆಟದ ನಿರ್ದೇಶಕರು ಹಿದೆತಾಕಾ ಮಿಯಾಝಾಕಿ. ಬಡತನದಲ್ಲಿ ಬೆಳೆದ ಅವರು ಬಾಲ್ಯದಲ್ಲಿ ಗ್ರಂಥಾಲಯದ ಪುಸ್ತಕಗಳನ್ನು ತಂದು ಓದುತ್ತಿದ್ದರಂತೆ. ಅರ್ಥವಾಗದ ಭಾಗಗಳನ್ನು ಚಿತ್ರ ನೋಡಿ, ಕಲ್ಪನೆಯಿಂದ ತುಂಬಿಕೊಳ್ಳುತ್ತಿದ್ದರಂತೆ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಪುಸ್ತಕದಲ್ಲಿ ಇಂಗ್ಲಿಷ್ ಎಂದು ಮೂರು ದೋಣಿಗಳಲ್ಲಿ ಕಾಲಿಡುವ ನಮ್ಮ ಗಡಿನಾಡಿನ ಮಕ್ಕಳಿಗೆ ಈ ಸಂಗತಿ ಧೈರ್ಯ ತರಬೇಕು. ಕೊಲ್ಹಾಪುರದ ತಾಲೀಮಿನಲ್ಲಿಯೂ ಮಣ್ಣು ಮುಕ್ಕದೆ ಪೈಲ್ವಾನನಾದವನುಂಟೆ?

ನನ್ನ ಶಿಷ್ಯನೊಬ್ಬ ಹತ್ತನೆಯ ತರಗತಿಯಲ್ಲಿ ಗಣಿತದಲ್ಲಿ ಅನುತ್ತೀರ್ಣನಾದ. “ಇಚಲಕರಂಜಿಯ ಮಗ್ಗಕ್ಕೆ ಹಚ್ಚುತ್ತೇನೆ, ನಾಲ್ಕು ಕಾಸು ಬರುತ್ತದೆ” ಎಂದರು ತಂದೆ. ಮಗ್ಗದ ದುಡಿಮೆ ಕೀಳಲ್ಲ. ಆದರೆ ಹುಡುಗನಿಗೆ ಓದುವ ಆಸೆಯಿತ್ತು. ಉತ್ತರಪತ್ರಿಕೆಯ ನಕಲು ತರಿಸಿ, ನಮ್ಮ ಗಣಿತದ ಶಿಕ್ಷಕರೊಡನೆ ಕುಳಿತು ನೋಡಿದೆವು. ಅವನು ಎಡವಿದ್ದು ಇಡೀ ಗಣಿತದಲ್ಲಲ್ಲ. ರೇಖಾಗಣಿತದ ಎರಡು ಪಾಠಗಳಲ್ಲಿ. ಅವೆರಡನ್ನೇ ಮತ್ತೆ ಮತ್ತೆ ತಿದ್ದಿಸಿದೆವು. ಪೂರಕ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಅವನು ಈಗ ಐ.ಟಿ.ಐ.ನಲ್ಲಿ ಓದುತ್ತಿದ್ದಾನೆ.

ಪಾಲಕರಲ್ಲಿ ಒಂದು ವಿನಂತಿ. ಫಲಿತಾಂಶದ ದಿನ ಮಗುವನ್ನು “ಎಷ್ಟು ಬಂತು?” ಎಂದು ಕೇಳಿ ಸುಮ್ಮನಾಗಬೇಡಿ. “ಎಲ್ಲಿ ತಪ್ಪಿತು? ಬಾ, ನೋಡೋಣ” ಎನ್ನಿ. ಕಳೆದುಕೊಂಡದ್ದು ಹೆಚ್ಚಾಗಿ ಬಿದ್ದ ಜಾಗದಲ್ಲೇ ಇರುತ್ತದೆ. ಅಲ್ಲಿಗೆ ಒಂಟಿಯಾಗಿ ಹೋಗಲು ಮಕ್ಕಳಿಗೆ ಭಯ.