ಸಂಚಕಾರ



ಕಳೆದ ವಾರ ಹಳೆಯ ವಿದ್ಯಾರ್ಥಿಯೊಬ್ಬ ಪುಣೆಯಿಂದ ದೂರವಾಣಿ ಮಾಡಿದ್ದ. ಅಲ್ಲಿ ಮನೆಯೊಂದನ್ನು ಕೊಳ್ಳಲು ಕರಾರು ಮಾಡಿಕೊಂಡು ಮುಂಗಡವನ್ನೂ ಕೊಟ್ಟಿದ್ದಾನೆ. ಈಗ ಬ್ಯಾಂಕಿನ ಸಾಲ ತಡವಾಗುತ್ತಿದೆ. "ಸರ್, ಇದನ್ನು ಏಜಂಟನಿಗೆ ಹೇಳಲೋ, ಮುಚ್ಚಿಡಲೋ?" ಎಂಬುದು ಅವನ ಪ್ರಶ್ನೆ. ವ್ಯಾಕರಣ ಕಲಿಸಿದ ಮಾಸ್ತರನಲ್ಲಿ ಇಂಥ ಪ್ರಶ್ನೆ ಏಕೆ ಎಂದು ನೀವು ನಗಬಹುದು. ಕರೋಶಿಯ ನಮ್ಮ ಮನೆಯನ್ನು ನಾನು ಮಾರಿದ ಕಥೆ ಅವನ ಕಿವಿಗೆ ಬಿದ್ದಿತ್ತು. ಆದರೆ ಅವನು ಕೇಳಿದ್ದು ಅರ್ಧ ಕಥೆ. ನನಗೆ ಅಷ್ಟೇನೂ ಹೆಮ್ಮೆ ತರದ ಉಳಿದರ್ಧವನ್ನು ಇಂದು ಬರೆಯುತ್ತಿದ್ದೇನೆ.

ಕರೋಶಿಯ ಆ ಮನೆಯನ್ನು ನಿಮ್ಮಲ್ಲಿ ಅನೇಕರು ಬಲ್ಲಿರಿ. ಮಣ್ಣಿನ ದಪ್ಪ ಗೋಡೆ, ಮೇಲೆ ಹಂಚು, ಮುಂದೆ ಕಟ್ಟೆ, ಒಳಗೆ ಪಡಸಾಲೆ, ಹಿತ್ತಲಲ್ಲಿ ಒಂದು ನುಗ್ಗೆಯ ಮರ. ಪರೀಕ್ಷೆ ಸಮೀಪಿಸಿದಾಗ ಆ ಪಡಸಾಲೆಯಲ್ಲಿಯೇ ಕುಳಿತು ನೀವು ಸಮಾಸ ಬಿಡಿಸುತ್ತಿದ್ದಿರಿ. ತಂದೆಯವರು ಸ್ವಂತ ದುಡಿಮೆಯಿಂದ ಕಟ್ಟಿಸಿದ ಮನೆ ಅದು. ನಿವೃತ್ತನಾಗಿ ಮಗನೊಡನೆ ಬೆಳಗಾವಿಗೆ ಬಂದ ಮೇಲೆ ಅದಕ್ಕೆ ಬೀಗ ಬಿತ್ತು. ಪ್ರತಿ ಮಳೆಗಾಲಕ್ಕೂ ಒಂದೊಂದು ಮೂಲೆ ಕುಸಿಯತೊಡಗಿದಾಗ ಮಾರುವುದೇ ಸರಿಯೆಂದು ನಿಶ್ಚಯಿಸಿದೆ.

ಚಿಕ್ಕೋಡಿಯ ಒಬ್ಬ ಏಜಂಟರು ಮುಂದೆ ಬಂದರು. ಅವರ ಹೆಸರು ಇಲ್ಲಿ ಬೇಡ. ಹಸನ್ಮುಖಿ, ಕನ್ನಡ ಮರಾಠಿಗಳೆರಡರಲ್ಲೂ ಸಮಾನ ಮಾತುಗಾರ. ಎರಡೂ ಕಡೆಯಿಂದ ನೂರಕ್ಕೆ ಎರಡರಂತೆ ದಲಾಲಿ ಎಂದು ಮೊದಲೇ ತಿಳಿಸಿದ್ದರು. ತಿಂಗಳೊಳಗೆ ಗಿರಾಕಿಯನ್ನೂ ಕರೆತಂದರು. ಸಕ್ಕರೆ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ ತರುಣ. ಅವನ ಹೆಂಡತಿ ಅಂಗನವಾಡಿ ಕಾರ್ಯಕರ್ತೆ. ಹದಿನಾಲ್ಕು ಲಕ್ಷಕ್ಕೆ ಮಾತಾಯಿತು. 2018ರ ಡಿಸೆಂಬರದಲ್ಲಿ ಕರಾರು ಪತ್ರವಾಗಿ ಒಂದು ಲಕ್ಷ ನಲವತ್ತು ಸಾವಿರ ರೂಪಾಯಿ ಸಂಚಕಾರ ಬಂತು. ನಗದು ಇರಲೆಂದು ಏಜಂಟರು ಸೂಚಿಸಿದ್ದರು. ಆದರೆ 2015ರ ಜೂನ್ 1ರಿಂದ ಸ್ಥಿರಾಸ್ತಿ ವ್ಯವಹಾರದ ಮುಂಗಡವನ್ನು ಇಪ್ಪತ್ತು ಸಾವಿರ ಅಥವಾ ಅದಕ್ಕಿಂತ ಹೆಚ್ಚು ನಗದಾಗಿ ಪಡೆಯುವಂತಿಲ್ಲವೆಂದು ನನ್ನ ಮಗ ಹೇಳಿದ್ದರಿಂದ ಚೆಕ್ಕನ್ನೇ ಪಡೆದೆ. ಮೂರು ತಿಂಗಳಲ್ಲಿ ಖರೀದಿ ಪೂರೈಸದಿದ್ದರೆ ಸಂಚಕಾರ ಮುಟ್ಟುಗೋಲು ಎಂಬ ವಾಕ್ಯ ಕರಾರಿನಲ್ಲಿತ್ತು. ಓದಿ ನೋಡಿ ಸಹಿ ಮಾಡಿದೆವು.

ಎರಡು ತಿಂಗಳು ಕಳೆದವು. ಫೆಬ್ರವರಿಯ ಕೊನೆಗೆ ಏಜಂಟರ ದೂರವಾಣಿ ಬಂತು: "ಸರ, ಆ ಹುಡುಗನ ಕಡೆ ರೊಕ್ಕ ಕೂಡವಲ್ದು. ಬ್ಯಾಂಕಿನ ಸಾಲಾನೂ ಆಗಾಂಗಿಲ್ಲ ಅನಸ್ತೈತ್ರಿ. ನಿಪ್ಪಾಣಿ ಕಡೆಯವರೊಬ್ಬರು ಹದಿನೈದೂವರಿಗೆ ತಯಾರದಾರ. ಸಂಚಕಾರ ಹೆಂಗೂ ನಿಮ್ಮದ ಆಗ್ತೈತಿ."

ನಾನು ಥಟ್ಟನೆ ಬೇಡವೆಂದೆ ಎಂದು ನೀವು ಊಹಿಸುತ್ತಿದ್ದರೆ ಅದು ನಿಮ್ಮ ಪ್ರೀತಿಯೇ ಹೊರತು ನಿಜವಲ್ಲ. ಎರಡು ರಾತ್ರಿ ನಾನು ಲೆಕ್ಕ ಹಾಕಿದೆ. ಒಂದೂವರೆ ಲಕ್ಷ ಹೆಚ್ಚಿನ ಬೆಲೆ, ಒಂದು ಲಕ್ಷ ನಲವತ್ತು ಸಾವಿರ ಸಂಚಕಾರ. ಕೂಡಿದರೆ ಮೊಮ್ಮಗಳ ಕಾಲೇಜಿನ ಶುಲ್ಕ ಸುಸೂತ್ರವಾಗಿ ನೀಗುತ್ತಿತ್ತು. ಕರಾರಿನ ವಾಕ್ಯವೂ ನನ್ನ ಪರವಾಗಿತ್ತು. 'ನಾನೇನು ಮೋಸ ಮಾಡುತ್ತಿಲ್ಲವಲ್ಲ' ಎಂದು ನನಗೆ ನಾನೇ ಹೇಳಿಕೊಂಡೆ. ಆ ಮಾತನ್ನು ನಾಲ್ಕನೆಯ ಸಲ ಹೇಳಿಕೊಂಡಾಗ ಮಾತ್ರ ಕೊಂಚ ಅನುಮಾನ ಬಂತು.

ನಮ್ಮ ಭಾಷೆ ಎಷ್ಟು ಬುದ್ಧಿವಂತವಾದುದು ನೋಡಿ. ವ್ಯವಹಾರ ಗಟ್ಟಿಯಾಯಿತೆಂದು ಕೊಡುವ ಮುಂಗಡಕ್ಕೂ ಸಂಚಕಾರವೆನ್ನುತ್ತೇವೆ. ಜೀವಕ್ಕೆ, ಮಾನಕ್ಕೆ ಒದಗಿದ ಕುತ್ತಿಗೂ ಸಂಚಕಾರವೆನ್ನುತ್ತೇವೆ. ಇಷ್ಟು ವರ್ಷ ನಾನಾರ್ಥ ಕಲಿಸಿದವನಿಗೆ ಆ ಎರಡು ಅರ್ಥಗಳು ಎಷ್ಟು ಹತ್ತಿರವೆಂಬುದು ಅಂದು ತಿಳಿಯಿತು.

ಚಿಕ್ಕೋಡಿಯಲ್ಲಿ ವಕೀಲನಾಗಿರುವ ಶಿಷ್ಯನೊಬ್ಬನಿಗೆ ಕೇಳಿದೆ. ಕರಾರಿನಲ್ಲಿ ಏನೇ ಬರೆದಿದ್ದರೂ, ಅದು ಮುರಿದಾಗ ಸಮಂಜಸವಾದ ಪರಿಹಾರವಷ್ಟೇ ಸಲ್ಲುತ್ತದೆಂಬುದು 1872ರ ಕರಾರು ಕಾಯಿದೆಯ 74ನೆಯ ಕಲಮು ಎಂದು ಅವನು ವಿವರಿಸಿದ. ಫತೇಹ್ ಚಂದ್ ಹಾಗೂ ಬಾಲಕಿಷನ್ ದಾಸ್ ನಡುವಣ ಪ್ರಕರಣದಲ್ಲಿ 1963ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಮಾರುವವನು ಒಂದು ಸಾವಿರ ರೂಪಾಯಿ ಸಂಚಕಾರವನ್ನು ಇಟ್ಟುಕೊಳ್ಳಬಹುದು, ಆದರೆ ಆಮೇಲೆ ಪಡೆದ ಇಪ್ಪತ್ತನಾಲ್ಕು ಸಾವಿರವನ್ನು ಕರಾರಿನ ವಾಕ್ಯವೊಂದರ ಬಲದಿಂದಲೇ ನುಂಗುವಂತಿಲ್ಲ ಎಂದಿತಂತೆ. ಕೊನೆಗೆ ಅವನು, "ಸಂಚಕಾರ ಮುಟ್ಟುಗೋಲಾಗುವುದು ಕೊಳ್ಳುವವನ ತಪ್ಪಿನಿಂದ ಕರಾರು ಮುರಿದರೆ ಮಾತ್ರ. ತಪ್ಪು ಯಾರದೆಂದು ಮೊದಲು ನೋಡಿರಿ, ಸರ್" ಎಂದ.

ಮರುದಿನವೇ ಬಸ್ಸು ಹತ್ತಿ ಕರೋಶಿಗೆ ಹೋದೆ. ಕರಾರಾದ ಮೇಲೆ ಆ ತರುಣನೊಡನೆ ನಾನು ನೇರವಾಗಿ ಮಾತನಾಡಿರಲೇ ಇಲ್ಲ. ಎಲ್ಲವೂ ಏಜಂಟರ ಬಾಯಿಂದಲೇ ನಡೆದಿತ್ತು. ನನ್ನನ್ನು ಕಂಡು ಅವನು ಗಾಬರಿಗೊಂಡ. ನಾನು ಕೋಪದಿಂದಿದ್ದೇನೆ, ಸಂಚಕಾರ ಮರಳಿ ಕೊಡಲಾರೆ ಎಂದಿದ್ದೇನೆ ಎಂದು ಅವನಿಗೆ ತಿಳಿಸಲಾಗಿತ್ತು. ಅವನು ಹಿಂದೆ ಸರಿಯುತ್ತಿದ್ದಾನೆಂದು ನನಗೆ ತಿಳಿಸಲಾಗಿತ್ತು. ಇಬ್ಬರೂ ಆಡದ ಮಾತುಗಳು ಇಬ್ಬರನ್ನೂ ಮುಟ್ಟಿದ್ದವು.

ಅವನ ಹೆಂಡತಿ ಒಳಗಿನಿಂದ ಬ್ಯಾಂಕಿನ ಕಾಗದವೊಂದನ್ನು ತಂದುಕೊಟ್ಟಳು. ಅದರಲ್ಲಿ ಎರಡು ಸಂಗತಿಗಳಿದ್ದವು. ಮೊದಲನೆಯದು, ಬ್ಯಾಂಕಿನ ಮೌಲ್ಯಮಾಪಕರು ಮಣ್ಣಿನ ಗೋಡೆಯ ಹಳೆಯ ಕಟ್ಟಡಕ್ಕೆ ಕಟ್ಟಿದ ಬೆಲೆ ಕೇವಲ ಹನ್ನೊಂದು ಲಕ್ಷ. ಬ್ಯಾಂಕು ಸಾಲ ಕೊಡುವುದು ನಾವು ಆಡಿಕೊಂಡ ಬೆಲೆಯ ಮೇಲಲ್ಲ, ತಾನು ಕಟ್ಟಿದ ಬೆಲೆಯ ಒಂದು ಭಾಗವನ್ನು ಮಾತ್ರ. ಹೀಗಾಗಿ ಅವನು ಹೊಂದಿಸಬೇಕಾದ ಮೊತ್ತ ಬೆಳೆದಿತ್ತು. ಅದಕ್ಕೆ ಮಾವನ ಕಬ್ಬಿನ ಬಿಲ್ಲನ್ನು ನೆಚ್ಚಿಕೊಂಡಿದ್ದ. ಕಬ್ಬು ಪೂರೈಸಿದ ಹದಿನಾಲ್ಕು ದಿನಗಳಲ್ಲಿ ಹಣ ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಆ ಹದಿನಾಲ್ಕು ದಿನ ಎಷ್ಟು ಉದ್ದವಾಗಬಲ್ಲದೆಂಬುದು ನಮ್ಮ ಭಾಗದ ರೈತರಿಗೆಲ್ಲ ಗೊತ್ತು.

ಎರಡನೆಯ ಸಂಗತಿಯನ್ನು ಓದಿದಾಗ ನನ್ನ ಮುಖ ಬಾಡಿತು. ಪಂಚಾಯತಿಯ ಇ-ಸ್ವತ್ತು ತಂತ್ರಾಂಶದಿಂದ ಮಾರಾಟಗಾರರ ಹೆಸರಿನಲ್ಲಿ ನಮೂನೆ 9 ಮತ್ತು 11ಎ ಬೇಕು ಎಂದು ಬ್ಯಾಂಕು ಕೇಳಿತ್ತು. 2013ರಿಂದ ಗ್ರಾಮ ಪಂಚಾಯತಿ ವ್ಯಾಪ್ತಿಯ ಮನೆ, ನಿವೇಶನಗಳ ನೋಂದಣಿಗೂ ಈ ನಮೂನೆ ಬೇಕಿತ್ತು. ನಮ್ಮ ಮನೆಯ ಉತಾರವಾದರೋ ಇನ್ನೂ ತೀರಿಹೋದ ತಂದೆಯವರ ಹೆಸರಿನಲ್ಲೇ ಇತ್ತು. ವರ್ಷವರ್ಷವೂ ಅವರ ಹೆಸರಿನಲ್ಲಿಯೇ ಪಟ್ಟಿ ಕಟ್ಟುತ್ತ ಬಂದಿದ್ದೆ. ಬದಲಿಸಬೇಕೆಂದು ನನಗೆ ತೋಚಿರಲೇ ಇಲ್ಲ. ಸಾಲ ನಿಂತದ್ದು ಅವನ ಬಡತನದಿಂದಷ್ಟೇ ಅಲ್ಲ, ನನ್ನ ಕಾಗದದಿಂದ. ಆ ಪತ್ರದ ಪ್ರತಿಯನ್ನು ಏಜಂಟರಿಗೆ ಕೊಟ್ಟು ಮೂರು ವಾರಗಳಾಗಿದ್ದವು.

ಅಲ್ಲಿಂದ ನೇರ ಚಿಕ್ಕೋಡಿಗೆ ಬಂದು ಅವರನ್ನು ಕೇಳಿದೆ. ಅವರು ಮುಚ್ಚಿಡಲಿಲ್ಲ. "ಸರ, ವಾರಸಾ ಮಾಡಿಸಿ ಉತಾರ ತಗಿಯೂದಂದ್ರ ತಿಂಗಳಗಟ್ಟಲೆ ಆಗ್ತೈತ್ರಿ. ಅಷ್ಟರೊಳಗ ಎಷ್ಟ ವ್ಯವಹಾರ ಮುರದದ್ದ ನೋಡೇನಿ. ಖರೀದಿ ಆದರಷ್ಟ ನಮ್ಮ ಹೊಟ್ಟಿಗೆ" ಎಂದರು. ನಿಪ್ಪಾಣಿಯವರು ನಮೂನೆಗಾಗಿ ಕಾಯದೆ ಮುಖತ್ಯಾರ ಪತ್ರದ ಮೇಲೆ ಹಣ ಕೊಡಲು ಸಿದ್ಧರಿದ್ದರಂತೆ. ಅಂಥ ಪತ್ರದಿಂದ ಒಡೆತನ ವರ್ಗವಾಗದೆಂದು ಸರ್ವೋಚ್ಚ ನ್ಯಾಯಾಲಯ 2011ರಲ್ಲಿಯೇ ಹೇಳಿದೆ ಎಂದು ವಕೀಲ ಶಿಷ್ಯ ಆಮೇಲೆ ತಿಳಿಸಿದ. ಏಜಂಟರ ಮೇಲೆ ನನಗೆ ಸಿಟ್ಟು ಬಂದದ್ದು ನಿಜ. ಆದರೆ ಅವರು ಎರಡೂ ಕಡೆಯ ದಲಾಲಿ ಪಡೆಯುವವರು. ನನ್ನ ಪಕ್ಷದವರೆಂದು ಭಾವಿಸಿದ್ದು ನನ್ನದೇ ತಪ್ಪು. ನಾನು ಕೇಳಬೇಕಾದ ಪ್ರಶ್ನೆಗಳನ್ನು ಕೇಳದೆ ಅವರು ತಂದ ಸುದ್ದಿಯನ್ನು ನಂಬಿದ್ದೆ, ಏಕೆಂದರೆ ಆ ಸುದ್ದಿ ನನಗೆ ಲಾಭದ್ದಾಗಿತ್ತು.

ಮುಂದಿನ ವಾರ ಮೂವರೂ ಅದೇ ಮನೆಯ ಕಟ್ಟೆಯ ಮೇಲೆ ಕುಳಿತೆವು. ಅವಧಿಯನ್ನು ಜುಲೈ ಕೊನೆಯವರೆಗೆ ವಿಸ್ತರಿಸಿ ಹೊಸ ಪತ್ರ ಮಾಡಿದೆವು. ಅಷ್ಟರೊಳಗೆ ಕಾಗದ ಮಾಡಿಸಿಕೊಡುವ ಹೊಣೆ ನನ್ನದು, ಆಗದಿದ್ದರೆ ಸಂಚಕಾರ ಮರಳಿಸುವುದು ಎಂದು ಬರೆದೆವು. ಬೆಲೆಯಲ್ಲಿ ಐವತ್ತು ಸಾವಿರ ಇಳಿಸಿದೆ.

ವಾರಸಾ ಮಾಡಿಸುವಾಗ ಇನ್ನೊಂದು ಪಾಠ ಕಾದಿತ್ತು. ತಂದೆಯವರ ಮನೆಗೆ ನಾನೊಬ್ಬನೇ ವಾರಸನಲ್ಲ. ಇಬ್ಬರು ತಂಗಿಯರೂ ವಾರಸರು. ಮಾರುವ ವಿಷಯ ಅವರಿಗೆ ತಿಳಿಸಿದ್ದೆ, ಕೇಳಿರಲಿಲ್ಲ. ಇಬ್ಬರೂ ಬಂದು ಸಹಿ ಮಾಡಿದರು. ಹೊಸ ಉತಾರದಲ್ಲಿ ಮೂವರ ಹೆಸರುಗಳಿದ್ದವು. ಚಿಕ್ಕವಳು ಅದನ್ನು ಬಹಳ ಹೊತ್ತು ನೋಡಿ, "ಅಣ್ಣಾ, ಅಪ್ಪನ ಮನಿ ಕಾಗದದಾಗ ನನ್ನ ಹೆಸರ ಬಂತು, ಮಾರೂ ಹೊತ್ತಿನಾಗ" ಎಂದು ನಕ್ಕಳು. ನಾನು ನಗಲಿಲ್ಲ. ಬಂದ ಹಣವನ್ನು ಮೂರು ಪಾಲು ಮಾಡಿದೆ. ಈ ಸಂಗತಿ ಬಂಧುಗಳಲ್ಲಿ ಕೆಲವರಿಗೆ ಇಂದೇ ತಿಳಿಯುತ್ತಿರಬಹುದು.

2019ರ ಜುಲೈಯಲ್ಲಿ ಖರೀದಿಯಾಯಿತು. ಏಜಂಟರಿಗೆ ಅವರ ದಲಾಲಿಯನ್ನು ಪೂರ್ತಿಯಾಗಿ ಕೊಟ್ಟೆ. ಪಡೆಯುವಾಗ ಅವರು ಒಮ್ಮೆ ನನ್ನ ಮುಖ ನೋಡಿ ತಲೆ ತಗ್ಗಿಸಿದರು.

ಪುಣೆಯ ಶಿಷ್ಯನಿಗೆ ನಾನು ಹೇಳಿದ್ದು ಇಷ್ಟು: ಮುಚ್ಚಿಡಬೇಡ. ಸಾಲ ತಡವಾಗುವುದನ್ನು ಇಂದೇ ಏಜಂಟನಿಗೆ ಬರಹದಲ್ಲಿ ತಿಳಿಸು. ಅದೇ ಪತ್ರದ ಪ್ರತಿಯನ್ನು ಮನೆಯ ಒಡೆಯನಿಗೂ ನೇರವಾಗಿ ಕಳಿಸು. ಬ್ಯಾಂಕು ಕೇಳುತ್ತಿರುವುದು ನಿನ್ನ ಕಾಗದವೋ, ಅವನ ಕಾಗದವೋ ಎಂಬುದನ್ನು ಸ್ಪಷ್ಟವಾಗಿ ಬರೆ. ಅವಧಿ ಮುಗಿಯುವ ಮೊದಲೇ ವಿಸ್ತರಣೆ ಕೇಳು, ಬಾಯಿಮಾತಿನಲ್ಲಿ ಸಿಕ್ಕ ವಿಸ್ತರಣೆಯನ್ನು ನೆಚ್ಚಬೇಡ. ಮುಂದೆಂದಾದರೂ ಇನ್ನೊಂದು ಕರಾರು ಮಾಡುವುದಾದರೆ, ಸಾಲ ಮಂಜೂರಾಗದಿದ್ದಲ್ಲಿ ಸಂಚಕಾರ ಮರಳಿಸತಕ್ಕದ್ದು ಎಂಬ ಒಂದು ಸಾಲನ್ನು ಮೊದಲೇ ಸೇರಿಸು. ಸಾಧ್ಯವಾದರೆ ಒಮ್ಮೆ ಆ ಒಡೆಯನ ಮನೆಗೆ ಹೋಗಿ ಚಹಾ ಕುಡಿದು ಬಾ.

ಕಳೆದ ದೀಪಾವಳಿಗೆ ಕರೋಶಿಗೆ ಹೋಗಿದ್ದೆ. ಅವರು ಹಿಂದಿನ ಗೋಡೆಯನ್ನು ಕೆಡವಿ ಇಟ್ಟಿಗೆಯದು ಕಟ್ಟಿಸಿದ್ದಾರೆ. ಮುಂದಿನ ಕಟ್ಟೆ ಹಾಗೆಯೇ ಇದೆ. ಪಡಸಾಲೆಯಲ್ಲಿ ಅವರ ಮಗಳು ಪಾಟಿಯ ಮೇಲೆ ಏನೋ ಬರೆಯುತ್ತಿದ್ದಳು. ನೋಡಿದೆ, 'ಮನೆ' ಎಂದಿತ್ತು. ತಿದ್ದುವ ಅಗತ್ಯವಿರಲಿಲ್ಲ.



ನಿಮ್ಮ ಮಾಸ್ತರ