ತೊಗರಿ ಧಾರಣೆಯ ಸುತ್ತುದಾರಿ

ಸೇಡಂ, ಚಿತ್ತಾಪುರ, ಚಿಂಚೋಳಿಯ ಕರಿನೆಲದಲ್ಲಿ ಮುಂಗಾರಿಗೆ ಬಿತ್ತಿದ ತೊಗರಿ ರಾಶಿಯಾಗುವುದು ಡಿಸೆಂಬರ್, ಜನವರಿಗೆ. ನಡುವಿನ ಆ ತಿಂಗಳುಗಳೇ ನನಗೆ ಜಗತ್ತಿನ ಗೋಜಲುಗಳನ್ನು ಓದುವ ಬಗೆ ಕಲಿಸಿದವು.

ಡೊನೆಲ್ಲಾ ಮೆಡೋಸ್ ಅವರ ‘ಥಿಂಕಿಂಗ್ ಇನ್ ಸಿಸ್ಟಮ್ಸ್’ ಕೈಗೆತ್ತಿಕೊಂಡಾಗ ಹೇಳಿಕೊಡುವವರು ಯಾರೂ ಇರಲಿಲ್ಲ. 1972ರ ‘ದಿ ಲಿಮಿಟ್ಸ್ ಟು ಗ್ರೋತ್’ ಬರೆದ ತಂಡದಲ್ಲಿದ್ದವರು ಆಕೆ. ‘ಥಿಂಕಿಂಗ್ ಇನ್ ಸಿಸ್ಟಮ್ಸ್’ ಅಚ್ಚಾದದ್ದು ಅವರು ತೀರಿಕೊಂಡ ಮೇಲೆ, 2008ರಲ್ಲಿ. ದಾಸ್ತಾನು, ಆವಕ, ಜಾವಕ, ನಡುವಿನ ತಡ, ಫಲವೇ ತಿರುಗಿ ಕಾರಣವಾಗುವ ಸುತ್ತು. ತಿರುಳು ಇಷ್ಟೇ. ಅಲ್ಲಿನ ಉದಾಹರಣೆಗಳನ್ನು ಬದಿಗಿಟ್ಟು, ಹಾಳೆಯ ನಡುವೆ ‘ತೊಗರಿ ಧಾರಣೆ’ ಎಂದು ಬರೆದು ಬಾಣ ಎಳೆಯುತ್ತ ಹೋದೆ.

2015 ಎಲ್ ನಿನೋ ವರ್ಷ. ಮಳೆ ಕೈಕೊಟ್ಟಿತು, ಪೇಟೆಯಲ್ಲಿ ತೊಗರಿಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿತು. ಆ ಧಾರಣೆ ಕಂಡ ರೈತರು 2016ರ ಮುಂಗಾರಿಗೆ ತೊಗರಿಗೇ ಮುಗಿಬಿದ್ದರು. ಅದೇ ಜುಲೈನಲ್ಲಿ ಕೇಂದ್ರ ಸರ್ಕಾರ ಮೊಜಾಂಬಿಕ್ ಜೊತೆ ಬೇಳೆಕಾಳಿನ ಆಮದು ಒಪ್ಪಂದ ಮಾಡಿಕೊಂಡಿತು. ಮಳೆಯೂ ಒದಗಿತು. ಹಿಂದಿನ ವರ್ಷ ದೇಶದಲ್ಲಿ 25 ಲಕ್ಷ ಟನ್ ಆಸುಪಾಸಿದ್ದ ಬೆಳೆ 48 ಲಕ್ಷ ಟನ್ ದಾಟಿತು. ಬೆಂಬಲ ಬೆಲೆ ಕ್ವಿಂಟಲ್‌ಗೆ 5,050 ರೂಪಾಯಿ ಇದ್ದರೂ ಮಾರುಕಟ್ಟೆ ಅದಕ್ಕಿಂತ ಕೆಳಗಿಳಿಯಿತು. 2017ರ ಆಗಸ್ಟ್‌ನಲ್ಲಿ ಸರ್ಕಾರ ಆಮದಿಗೆ ಮಿತಿ ಹಾಕಿತು. ಮೊಜಾಂಬಿಕ್‌ನಲ್ಲಿ ತೊಗರಿ ಬಹುಪಾಲು ಬೆಳೆಯುವುದೇ ನಮಗೆ ಮಾರಲು. ಅಲ್ಲಿನ ರೈತನ ಧಾರಣೆಯೂ ನೆಲಕಚ್ಚಿತು. ಸೇಡಂನ ರೈತನೂ ಅವನೂ ಒಂದೇ ಸುತ್ತಿನಲ್ಲಿ ಸಿಕ್ಕವರು, ಒಬ್ಬರ ಮುಖ ಒಬ್ಬರು ಕಾಣದವರು.

ಅಡತಿಯವರನ್ನೋ ಸರ್ಕಾರವನ್ನೋ ಬೈದು ಮುಗಿಸಬಹುದು. ಬೈಸಿಕೊಳ್ಳಬೇಕಾದವರು ಇದ್ದಾರೆ ಕೂಡ. ಆದರೆ ಅವರನ್ನೆಲ್ಲ ಬದಲಿಸಿದರೂ ಈ ಏರಿಳಿತ ನಿಲ್ಲದು. ಇಂದಿನ ಧಾರಣೆ ನೋಡಿ ಬಿತ್ತಿದ ಕಾಳು ಮಾರಾಟಕ್ಕೆ ಬರುವುದು ಅರ್ಧ ವರ್ಷದ ಮೇಲೆ, ಎಲ್ಲರ ಕಾಳಿನ ಜೊತೆಗೆ. ಆ ತಡವನ್ನು ಬಾಣದ ಮೇಲೆ ಬರೆಯದಿದ್ದರೆ ಚಿತ್ರವೇ ಸುಳ್ಳು.

ಮಣ್ಣಿನೊಳಗೂ ಇಂಥದೇ ಒಂದು ಸುತ್ತಿದೆ. ನೆಟೆ ರೋಗದ ಶಿಲೀಂಧ್ರ ನೆಲದಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಒಳ್ಳೆಯ ಧಾರಣೆಯ ಆಸೆಗೆ ಅದೇ ಹೊಲಕ್ಕೆ ತೊಗರಿಯ ಮೇಲೆ ತೊಗರಿ ಬಿತ್ತಿದರೆ ರೋಗವೇ ದಾಸ್ತಾನಾಗುತ್ತದೆ. ನಡುವೆ ಜೋಳ ಹಾಕುತ್ತಿದ್ದ ಹಿರಿಯರು ಆ ದಾಸ್ತಾನನ್ನು ಕರಗಿಸುತ್ತಿದ್ದರು.

ಬರದ ಕಾರಣ ಹುಡುಕುತ್ತ ವಾಡಿಯ ಸಿಮೆಂಟು ಕಾರ್ಖಾನೆಯ ಕಡೆ ತಿರುಗಿದಾಗ ಹಾಳೆ ಸಾಲದಾಯಿತು. ಈ ಸೀಮೆಯ ನೆಲದಡಿಯ ಸುಣ್ಣದ ಕಲ್ಲು ಶಹಾಬಾದಿನಲ್ಲಿ ಮನೆಗೆ ಹಾಸುವ ಪರ್ಸಿ. ವಾಡಿ, ಸೇಡಂಗಳಲ್ಲಿ ಸಿಮೆಂಟು. ಸಾವಿರ ಕಿಲೋ ಶುದ್ಧ ಸುಣ್ಣದ ಕಲ್ಲು ಸುಟ್ಟರೆ ಕಲ್ಲಿನೊಳಗಿಂದಲೇ 440 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ, ಕಲ್ಲಿದ್ದಲಿನ ಹೊಗೆ ಬೇರೆ. ಜಗತ್ತು ಹೊರಬಿಡುವ ಈ ಅನಿಲದಲ್ಲಿ ಸಿಮೆಂಟಿನ ಪಾಲು ಸುಮಾರು ಶೇ. 7–8. ವಾಡಿಯ ಚಿಮಣಿಯಿಂದ ಚಿಂಚೋಳಿಯ ಬರಕ್ಕೆ ನೇರ ಬಾಣ ಎಳೆಯಲಾಗದು. ಎಲ್ ನಿನೋ ತನ್ನಷ್ಟಕ್ಕೆ ಬಂದುಹೋಗುವಂಥದು. ಆದರೆ ಭೂಮಿ ಬಿಸಿಯಾದಷ್ಟೂ ಬರವೂ ಅತಿವೃಷ್ಟಿಯೂ ಬಿರುಸಾಗುತ್ತವೆ, ಆ ಬಿಸಿಯಲ್ಲಿ ಲೋಕದ ಎಲ್ಲ ಚಿಮಣಿಗಳ ಪಾಲಿದೆ. ಕಾರ್ಖಾನೆಯ ಕೂಲಿಯಿಂದಲೇ ಒಲೆ ಉರಿಯುವ ಮನೆಗಳಿಗೂ ವಾಡಿಯ ಚಿಮಣಿಯಿಂದಲೇ ಒಂದು ಬಾಣ ಹೋಗುತ್ತದೆ. ಅದನ್ನು ಅಳಿಸಿ ಪರಿಸರದ ಮಾತಾಡುವವರ ಚಿತ್ರವನ್ನು ನಾನು ನಂಬುವುದಿಲ್ಲ.

ಮತ್ತೆ ತೊಗರಿಯ ಸುತ್ತಿಗೆ ಬಂದರೆ, ಬೆಳೆಯ ಅವಧಿಯನ್ನು ಯಾರೂ ಮೊಟಕು ಮಾಡಲಾರರು. ಸುದ್ದಿ ತಲುಪುವ ತಡವನ್ನು ಮೊಟಕು ಮಾಡಬಹುದು. ಸರ್ಕಾರದ ಗೋದಾಮಿನಲ್ಲಿ ತೊಗರಿ ಎಷ್ಟಿದೆ, ಎಷ್ಟು ಆಮದಾಗುತ್ತಿದೆ ಎಂಬ ಲೆಕ್ಕವನ್ನು ಬಿತ್ತನೆಗೆ ಮೊದಲೇ, ಮೇ ತಿಂಗಳಲ್ಲಿ, ಪ್ರತಿಯೊಂದು ರೈತ ಸಂಪರ್ಕ ಕೇಂದ್ರದ ಗೋಡೆಗೂ ಕನ್ನಡದಲ್ಲಿ ಹಚ್ಚಲಿ.