ಬೇವಿನ ಗಿಡದ ಕೆಳಗಿನ ಕಾರು

ಕಾರು ನೋಡಲು ಮುಧೋಳದಿಂದ ಬಂದವರು ಎಂಜಿನ್ ಚಾಲೂ ಮಾಡಿಸಿದರು, ಟಾಯರ್ ನೋಡಿದರು, ಎಲ್ಲ ಸರಿ ಐತಿ ಅಂದರು. ಆಮೇಲೆ ತುದಿಗಾಲ ಮೇಲೆ ನಿಂತು ಟಾಪ್ ಮೇಲೆ ಕಣ್ಣು ಹಾಯಿಸಿದರು. "ಇದೇನ್ರೀ, ಮೈಲಿ ಬ್ಯಾನಿ ಎದ್ದಂಗ ಆಗೇತಲ್ಲ?" ಎಂದು ಒಂದೇ ಮಾತಿಗೆ ಇಪ್ಪತ್ತು ಸಾವಿರ ಇಳಿಸಿದರು. ಕಟ್ಟೆಯ ಮೇಲೆ ಕುಳಿತಿದ್ದ ಅಪ್ಪನಿಗೂ ಅದು ಕೇಳಿಸಿತು.

ಅಪ್ಪ ಪ್ರಾಥಮಿಕ ಶಾಲೆಯ ಮಾಸ್ತರರಾಗಿದ್ದವರು. ನಿವೃತ್ತಿಯ ಹಣದಲ್ಲಿ ಸೆಕೆಂಡ್ ಹ್ಯಾಂಡ್ ವ್ಯಾಗನಾರ್ ತಂದರು, ಕಡು ನೀಲಿ ಬಣ್ಣದ್ದು. ಜಮಖಂಡಿ ಹತ್ತಿರದ ನಮ್ಮ ಊರಲ್ಲಿ ಕಾರಿಗೆ ಶೆಡ್ ಕಟ್ಟಿಸುವಷ್ಟು ಜಾಗ ನಮಗಿಲ್ಲ. ಮನೆ ಮುಂದಿನ ಬೇವಿನ ಗಿಡದ ಕೆಳಗೇ ಅದರ ವಾಸ. (ನಮ್ಮ ಕಡೆ ಎಷ್ಟು ದೊಡ್ಡ ಮರವಾದರೂ ಅದು ಗಿಡವೇ.) ಹೋದ ವರ್ಷ ಅಪ್ಪನಿಗೆ ಲಕ್ವ ಹೊಡೆದು ಬಲಗೈ ಸ್ವಾಧೀನ ತಪ್ಪಿತು. ನಾನು ಇರುವುದು ಹುಬ್ಬಳ್ಳಿಯಲ್ಲಿ. ಫಿಸಿಯೋಥೆರಪಿಯ ಖರ್ಚು ತಿಂಗಳು ತಿಂಗಳು ಬರುತ್ತಲೇ ಇತ್ತು. ಮಾರೋಣ ಅಂತ ಮೊದಲು ಹೇಳಿದವರು ಅಪ್ಪನೇ.

ಬಿಸಿಲಿಗೆ ಹೆದರಿ ನೆರಳಿಗೆ ನಿಲ್ಲಿಸಿದ ಕಾರು ನೆರಳಲ್ಲೇ ಕೆಟ್ಟಿತ್ತು. ಯುಗಾದಿ ಹೊತ್ತಿಗೆ ಬೇವಿನ ಹೂವು ಉದುರಿ ವೈಪರ್ ಸಂದಿಯೆಲ್ಲ ತುಂಬುತ್ತದೆ. ಮುಂಗಾರಿನ ಹೊತ್ತಿಗೆ ಹಣ್ಣಾಗುತ್ತದೆ. ಕಾಗೆ, ಕೋಗಿಲೆ, ಗೊರವಂಕ ಎಲ್ಲ ಊಟಕ್ಕೆ ಬಂದು ಲೆಕ್ಕ ಚುಕ್ತಾ ಮಾಡುವುದು ಕಾರಿನ ಮೇಲೆ. ಪಕ್ಕದ ಮನೆಯ ಮಾವಿನ ಟೊಂಗೆಯಿಂದ ಸಣ್ಣ ಸಣ್ಣ ಅಂಟು ಹನಿ ಬೇರೆ. ಅದು ಗಿಡದ ಅಂಟು ಎಂದೇ ನಾವು ತಿಳಿದಿದ್ದೆವು. ಅಲ್ಲ, ಹೂವಿನ ರಸ ಹೀರುವ ಜಿಗಿಹುಳು ವಿಸರ್ಜಿಸುವ ಸಿಹಿ ದ್ರವ ಅದು. ಅದರ ಮೇಲೆ ಕಪ್ಪು ಬೂಷ್ಟು ಬೆಳೆಯುತ್ತದೆ. ಚಳಿಗಾಲಕ್ಕೆ ಕಬ್ಬಿನ ಹಂಗಾಮು ಶುರುವಾದರೆ ಹೊಲದಲ್ಲಿ ರವದಿ ಸುಟ್ಟ ಕರಿ ಬೂದಿ ಹಾರಿ ಬಂದು ಈ ಅಂಟಿನ ಮೇಲೆ ಕೂರುತ್ತದೆ.

ಗಿಡ ಕಡಿಸಿರಿ ಎಂದು ಹೇಳಿದವರಿಗೇನೂ ಕಡಿಮೆ ಇರಲಿಲ್ಲ. ಏಪ್ರಿಲ್-ಮೇ ತಿಂಗಳಲ್ಲಿ ನಮ್ಮ ಮನೆಯಲ್ಲಿ ಒಂದು ಮಧ್ಯಾಹ್ನ ಕಳೆದಿದ್ದರೆ ಅವರು ಹಾಗೆ ಹೇಳುತ್ತಿರಲಿಲ್ಲ.

ಜಮಖಂಡಿಯ ಒಂದು ಡೆಂಟಿಂಗ್-ಪೇಂಟಿಂಗ್ ಗ್ಯಾರೇಜಿಗೆ ಕಾರು ಒಯ್ದೆ. ಟಾಪ್ ಪೂರ್ತಿ ಹೊಸದಾಗಿ ಪೇಂಟ್ ಹೊಡೆದುಬಿಡಿ ಎಂದೆ. ಪೇಂಟರ್ ಬೇಡವೆಂದರು. "ಹೊಸಾ ಪೇಂಟ್ ಕಂಡ್ರ ತಗೊಳ್ಳಾವ್ರು ಗಾಡಿ ಪಲ್ಟಿ ಆಗಿತ್ತೇನೋ ಅಂತಾರ್ರೀ. ರಬ್ಬಿಂಗ್, ಪಾಲಿಶ್ ಮಾಡೂನು, ನಾಕೂವರಿ ಸಾವಿರದಾಗ ಮುಗೀತೈತಿ."

ಮೊದಲು ಕಾರನ್ನು ನೆರಳಿಗೆ ಹಾಕಿ ತೊಳೆದರು. ಒಣಗಿ ಕೂತ ಹಿಕ್ಕೆಯ ಮೇಲೆ ಒದ್ದೆ ಬಟ್ಟೆ ಹಾಸಿ ಹತ್ತು ನಿಮಿಷ ಬಿಟ್ಟು, ಉಜ್ಜದೆ ಎತ್ತಿದರು. ಅಂಟಿಗೆ ಸ್ವಲ್ಪ ಸ್ಪಿರಿಟ್, ಕೂಡಲೇ ನೀರು. ಆಮೇಲೆ ಕಣಕದಂಥ ಒಂದು ಮಣ್ಣಿನ ಉಂಡೆಯನ್ನು ಸೋಪು ನೀರಲ್ಲಿ ಅದ್ದಿ ಮೇಲಿಂದ ಜಾರಿಸಿದರು. ನುಣ್ಣಗೆ ಕಾಣುತ್ತಿದ್ದ ಬಣ್ಣದಿಂದಲೂ ಅದು ಕರಿ ಕಸ ಕಿತ್ತು ತಂದಿತು.

ಅಷ್ಟಾದರೂ ಟಾಪ್ ನಡುವಿನ ಕಲೆಗಳು ಹಾಗೇ ಇದ್ದವು. ಅವು ಕಲೆಯೂ ಅಲ್ಲ, ಗುಂಡಿ. ಬಣ್ಣದ ಮೇಲೆ ಲ್ಯಾಕರ್ ಎಂಬ ಪಾರದರ್ಶಕ ಪದರ ಇರುತ್ತದೆ, ಸುಮಾರು 40ರಿಂದ 50 ಮೈಕ್ರಾನ್. ತಲೆಗೂದಲೇ ಸುಮಾರು 70 ಮೈಕ್ರಾನ್ ಇರುತ್ತದೆ ಅಂದರೆ ಲೆಕ್ಕ ಹಾಕಿ. ಬಿಸಿಲಿಗೆ ಕಾದಾಗ ಈ ಪದರ ಮೆತ್ತಗಾಗುತ್ತದೆ, ಹಿಗ್ಗುತ್ತದೆ. ಮೇಲಿನ ಹಿಕ್ಕೆ ಒಣಗಿ ಬಿಗಿಯುತ್ತದೆ. ರಾತ್ರಿ ತಣ್ಣಗಾಗುವಾಗ ಲ್ಯಾಕರ್ ಆ ಹಿಕ್ಕೆಯ ಅಚ್ಚಿಗೇ ಕೂತುಬಿಡುತ್ತದೆ. ಅದಕ್ಕೇ ಬಿದ್ದ ದಿನವೇ ತೆಗೆಯಬೇಕು.

ಪೇಂಟರ್ ಮೊಬೈಲಿನ ಟಾರ್ಚ್ ಹಚ್ಚಿ ಬಾನೆಟ್ಟಿಗೆ ಹಿಡಿದರು. ಬೆಳಕಿನ ಸುತ್ತ ಜೇಡರ ಬಲೆಯಂತೆ ಸಾವಿರಾರು ಸಣ್ಣ ಗೀರು. "ಇದು ಹಕ್ಕಿ ಮಾಡಿದ್ದಲ್ರೀ. ಧೂಳಿನ ಮ್ಯಾಲ ಒಣಾ ಬಟ್ಟಿಲೆ ಒರಸ್ಯಾರ ಯಾರೋ. ದಿನಾ ಒರಸ್ಯಾರ."

ಯಾರು ಅಂತ ನನಗೆ ಗೊತ್ತಿತ್ತು. ದಿನಾ ಬೆಳಿಗ್ಗೆ ಚಹಾ ಕುಡಿಯುವ ಮೊದಲು ಅಪ್ಪ ಹಳದಿ ಬಟ್ಟೆ ಹಿಡಿದು ಹೊರಗೆ ಹೋಗುತ್ತಿದ್ದರು. ಕಪ್ಪು ಹಲಗೆ ಒರೆಸಿದ ಅಭ್ಯಾಸ, ಒಣ ಬಟ್ಟೆ, ಉದ್ದುದ್ದ ಕೈ. ಟಾರ್ಚನ್ನು ನಾನೇ ಇಸಿದುಕೊಂಡು ಸುತ್ತಲೂ ನೋಡಿದೆ. ಬಾನೆಟ್, ಬಾಗಿಲು, ಟಾಪಿನ ಅಂಚು, ಎಲ್ಲೆಲ್ಲಿ ಅಪ್ಪನ ಕೈ ಹೋಗುತ್ತಿತ್ತೋ ಅಲ್ಲೆಲ್ಲ ಗೀರು. ಟಾಪ್ ನಡುವೆ, ಅವರ ಕೈ ನಿಲುಕದಲ್ಲಿ, ಗೀರಿಲ್ಲ. ಬರೀ ಹಿಕ್ಕೆಯ ಗುಂಡಿ.

ಗುಂಡಿಗಳಿಗೆ 2000 ನಂಬರಿನ ವಾಟರ್ ಪೇಪರ್ ಹಿಡಿದು ನೀರಿನೊಂದಿಗೆ ತಿಕ್ಕಿದರು. ಅಂಚುಗಳಲ್ಲಿ ಬಣ್ಣ ತೆಳು ಇರುತ್ತದೆಂದು ಅಲ್ಲೆಲ್ಲ ಟೇಪ್ ಅಂಟಿಸಿ, ಮಷಿನ್ ಮೇಲೆ ಕಂಪೌಂಡ್, ಆಮೇಲೆ ಪಾಲಿಶ್, ಕೊನೆಗೆ ವ್ಯಾಕ್ಸ್. ನಡುನಡುವೆ ಅಂಗೈ ಇಟ್ಟು ಬಿಸಿ ನೋಡುತ್ತಿದ್ದರು. ನಾಲ್ಕೈದು ಗುಂಡಿಗಳ ಗುರುತು ಉಳಿಯಿತು. ಇನ್ನೂ ಸ್ವಲ್ಪ ತಿಕ್ಕಿ ಎಂದೆ. "ಇಷ್ಟ ಸಾಕ್ರೀ. ಇನ್ನ ತಿಕ್ಕಿದ್ರ ಲ್ಯಾಕರ್ ಹೋಗತೈತಿ. ಲ್ಯಾಕರ್ ಹ್ವಾದ ಮ್ಯಾಲ ಬಿಸಲು ಬಣ್ಣಾನೂ ಬಿಡಂಗಿಲ್ಲ."

ಸಂಜೆ ಮನೆಗೆ ತಂದಾಗ ಕಾರಿನಲ್ಲಿ ಬೇವಿನ ಟೊಂಗೆಗಳು ಒಂದೊಂದಾಗಿ ಕಾಣುತ್ತಿದ್ದವು. ಅಪ್ಪ ಕೋಲು ಊರಿಕೊಂಡು ಒಂದು ಸುತ್ತು ಹಾಕಿದರು. "ಅಷ್ಟ್ಯಾಕ ಕೆಟ್ಟಿತ್ತೋ ತಮ್ಮಾ ಅದು?" ಎಂದು ಕೇಳಿದರು. ಧೂಳು, ಬಿಸಿಲು ಎಂದಿದ್ದರೆ ಮುಗಿದುಹೋಗುತ್ತಿತ್ತು. ನಾನು ವರದಿ ಒಪ್ಪಿಸುವವನಂತೆ ಎಲ್ಲ ಹೇಳಿದೆ. ಒಣ ಬಟ್ಟೆ, ಗೀರು, ಟಾರ್ಚು. "ನೀನ ಒರಸಿ ಒರಸಿ ಕೆಡಿಸೀದಿ" ಎಂಬ ಮಾತೂ ಬಂದುಹೋಯಿತು, ನಗುತ್ತಲೇ. ಅಪ್ಪ ನಗಲಿಲ್ಲ. ಎಡಗೈಯಿಂದ ಬಲಗೈ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡು ಕೂತರು. ಎರಡು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಅವ್ವ ರೊಟ್ಟಿ ಬಡಿಯುತ್ತಾ, "ನಿನಗ ಕಲ್ಸಿದ್ದು ಬರೀ ಹೇಳೂದಷ್ಟ ಏನು?" ಎಂದಳು.

ಮುಧೋಳದವರು ಮತ್ತೆ ಬಂದರು. ಈ ಸಲ ಇಳಿಸಿದ್ದು ಐದೇ ಸಾವಿರ. ಕಾಗದ, ಎರಡು ಕೀಲಿ ಕೊಟ್ಟೆ. ಅವರು ಹೊರಡುವ ಹೊತ್ತಿಗೆ ಅಪ್ಪ ಕಟ್ಟೆಯಿಂದಲೇ ಕೇಳಿದರು.

"ಎಲ್ಲಿ ನಿಲ್ಲಸ್ತೀರಿ ಗಾಡಿ?"

"ಮನಿ ಮುಂದ ಹುಣಸೀ ಗಿಡ ಐತ್ರೀ ಸರ್. ಚಲೋ ನೆಳ್ಳು."

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಹಂಗಾರ ಮದ್ಲ ನೀರು ಹಾಕ್ರಿ. ಒಣಾ ಬಟ್ಟಿ ಹಚ್ಚಬ್ಯಾಡ್ರಿ. ಮತ್ತ ಟಾಪ್ ನಡುವ ಕೈ ನಿಲಕಂಗಿಲ್ಲ, ಸ್ಟೂಲ್ ಇಟ್ಕೋರಿ."